ಹಳೆ ಹಾರ್ಡ್ ಡಿಸ್ಕ್ ಬಿಚ್ಚಿದರೆ ಲಿನಕ್ಸ್ ಬೂಟ್ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮಂಡ್ಯದಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಅಲ್ಲಿನ ಡೆಸ್ಕ್‌ಟಾಪ್‌ನಲ್ಲಿ ಮೂರು ಡಿಸ್ಕ್‌ಗಳಿವೆ. 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಮತ್ತು ನುಡಿಯಲ್ಲಿ ಮಾಡಿದ ಹಳೆ ಫೈಲುಗಳು; 240 ಜಿಬಿ ಸಾಟಾ ಎಸ್‌ಎಸ್‌ಡಿಯಲ್ಲಿ ಗಿರಾಕಿಗಳ ಕೆಲಸ; ಈಚೆಗೆ ಹಾಕಿಸಿದ, ಮದರ್‌ಬೋರ್ಡಿಗೇ ನೇರ ಸಿಕ್ಕಿಸುವ ವೇಗದ ಎಸ್‌ಎಸ್‌ಡಿಯಾದ 500 ಜಿಬಿ ಎನ್‌ವಿಎಂಇಯಲ್ಲಿ ಲಿನಕ್ಸ್ ಮಿಂಟ್. ಮಿಂಟ್ ಇನ್‌ಸ್ಟಾಲ್ ಮಾಡುವಾಗ ‘ಸಂಥಿಂಗ್ ಎಲ್ಸ್’ ಆರಿಸಿ, ಎನ್‌ವಿಎಂಇ ಪೂರ್ತಿ ಒಂದೇ ಪಾರ್ಟಿಷನ್ ಮಾಡಿದ್ದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡಲು ಶುರುಮಾಡಿತೆಂದು ಅದರ ಕೇಬಲ್ ಬಿಚ್ಚಿದರೆ, ಬೂಟ್ ಡಿವೈಸ್ ಇಲ್ಲ ಎಂದು ಬಂದು ಮಿಂಟ್ ನಿಂತುಬಿಡುತ್ತದೆ. ಮತ್ತೆ ಸಿಕ್ಕಿಸಿದರೆ ಬರುತ್ತದೆ. 240 ಜಿಬಿ ಡಿಸ್ಕ್ ತಾನಾಗಿ ಮೌಂಟ್ ಆಗಲೆಂದು (ಒಂದು ಫೋಲ್ಡರ್ ಆಗಿ ತೆರೆದುಕೊಳ್ಳಲೆಂದು), ಆನ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿರುವ ಫೈಲಾದ ಎಫ್‌ಎಸ್‌ಟ್ಯಾಬ್‌ನಲ್ಲಿ /ಡೆವ್/ಎಸ್‌ಡಿಬಿ1 ಎಂಬ ಸಾಲು ಸೇರಿಸಿದ್ದೇನೆ. ಗಿರಾಕಿಯ ಪೆನ್ ಡ್ರೈವ್ ಸಿಕ್ಕಿಸಿಕೊಂಡೇ ಆನ್ ಮಾಡಿದರೆ ಕೆಲವು ಸಲ ‘ಎಮರ್ಜೆನ್ಸಿ ಮೋಡ್’ ಎಂಬ ಕಪ್ಪು ಪರದೆ ಬರುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋದರೆ ಬೆಳಿಗ್ಗೆ ನೇರ ವಿಂಡೋಸ್‌ಗೆ ಹೋಗುತ್ತದೆ, ಗಡಿಯಾರವೂ ಹಿಂದಕ್ಕೆ ಹೋಗಿರುತ್ತದೆ. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡಲೇ?

ಉತ್ತರ: ಬೇಡ. ಅದೇ ಮೂರು ಡಿಸ್ಕ್ ಸಿಕ್ಕಿಸಿಕೊಂಡು ಮತ್ತೆ ಇನ್‌ಸ್ಟಾಲ್ ಮಾಡಿದರೆ ಇದೇ ಪಾಡು ಮತ್ತೆ ಬರುತ್ತದೆ. ನಿಮ್ಮ ಮಿಂಟ್ ಕೆಟ್ಟಿಲ್ಲ. ಅದನ್ನು ಶುರುಮಾಡುವ ಫೈಲುಗಳು ಎನ್‌ವಿಎಂಇಯಲ್ಲಿರುವ ಬದಲು ಹಾರ್ಡ್ ಡಿಸ್ಕ್‌ನಲ್ಲಿ ಕೂತಿವೆ, ಅಷ್ಟೆ. ಪೆನ್ ಡ್ರೈವ್ ಇದ್ದಾಗ ಬರುವ ತೊಂದರೆಗೂ ಇದಕ್ಕೂ ಸಂಬಂಧವಿಲ್ಲ. ಅದು ನೀವು ಸೇರಿಸಿದ ಆ ಒಂದು ಸಾಲಿನದು. ಬೆಳಗಿನ ತೊಂದರೆ ಮದರ್‌ಬೋರ್ಡಿನ ಬ್ಯಾಟರಿಯದು. ಮೂರನ್ನೂ ಒಂದೇ ಎಂದುಕೊಂಡರೆ ಯಾವ ರಿಪೇರಿಯೂ ಪೂರ್ತಿ ಆದಂತೆ ಕಾಣುವುದಿಲ್ಲ, ಆಗ ಎಲ್ಲ ಅಳಿಸಬೇಕು ಎನ್ನಿಸುತ್ತದೆ. ಒಂದೊಂದಾಗಿ ಬಿಡಿಸೋಣ.

ಆದೇಶಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಅಡ್ಡಗೆರೆ, ಓರೆಗೆರೆ, ಖಾಲಿ ಜಾಗಗಳನ್ನು ಇದ್ದ ಹಾಗೇ ಉಳಿಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಮೊದಲು ಆ ಟಕ್ ಟಕ್

ಬೂಟ್ ರಿಪೇರಿಗೆ ಕೈ ಹಾಕುವ ಮುನ್ನ ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ಉಳಿಸಿಕೊಳ್ಳಿ. ಆ ಸದ್ದು ಸಾಮಾನ್ಯವಾಗಿ ಒಳಗಿನ ಓದುವ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವ ಸದ್ದು. ಅಂಥ ಡಿಸ್ಕ್ ಇನ್ನೆಷ್ಟು ಸಲ ಆನ್ ಆಗುತ್ತದೆಂದು ಯಾರೂ ಹೇಳಲಾರರು. ಹಾಗಾಗಿ ‘ಒಮ್ಮೆ ಹಾಕಿ ನೋಡೋಣ’ ಎಂದು ಸುಮ್ಮನೆ ಆನ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಇನ್ನು ಮುಂದೆ ಅದು ತಿರುಗುವುದು ಕಾಪಿ ಮಾಡಿಕೊಳ್ಳಲು ಮಾತ್ರ.

ಮಿಂಟ್ ಇನ್‌ಸ್ಟಾಲ್ ಮಾಡಿದ ಪೆನ್ ಡ್ರೈವ್‌ನಿಂದಲೇ ಲೈವ್ ಆಗಿ, ಎಂದರೆ ಡಿಸ್ಕ್‌ಗೆ ಏನನ್ನೂ ಇನ್‌ಸ್ಟಾಲ್ ಮಾಡದೆ, ಶುರುಮಾಡಿ. ಆನ್ ಆಗುವಾಗ ಎಫ್8, ಎಫ್11 ಅಥವಾ ಎಫ್12 ಒತ್ತಿದರೆ ಬೂಟ್ ಮೆನು ಬರುತ್ತದೆ. ಯಾವ ಕೀ ಎಂಬುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಅಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಬಹುದು. ‘ಯುಇಎಫ್‌ಐ’ ಎಂದು ಶುರುವಾಗುವ ಸಾಲನ್ನೇ ಆರಿಸಿ, ಅದು ಮದರ್‌ಬೋರ್ಡ್ ಸಿಸ್ಟಂ ಶುರುಮಾಡುವ ಹೊಸ ದಾರಿ, ಇನ್ನೊಂದು ಹಳೆಯ ಲೆಗಸಿ ದಾರಿ. ಡೆಸ್ಕ್‌ಟಾಪ್ ಬಂದ ಮೇಲೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿ ಇನ್ನೊಂದು ಸಾಲು ಆರಿಸಿ, ಯಾಕೆಂದರೆ ಮುಂದೆ ಬರುವ ಬೂಟ್ ರಿಪೇರಿ ಲೆಗಸಿಯಲ್ಲಿ ನಡೆಯುವುದಿಲ್ಲ.

ಯಾವ ಹೆಸರು ಯಾವ ಡಿಸ್ಕಿನದು ಎಂದು ತಿಳಿಯಲು:

ಎಲ್‌ಎಸ್‌ಬಿಎಲ್‌ಕೆ -ಡಿ -ಓ ನೇಮ್,ಟ್ರಾನ್,ಸೈಜ್,ಮಾಡೆಲ್,ಸೀರಿಯಲ್

‘ಟ್ರಾನ್’ ಅಂಕಣದಲ್ಲಿ ಸಾಟಾ, ಎನ್‌ವಿಎಂಇ, ಯುಎಸ್‌ಬಿ ಎಂದು ಬರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ನಂಬರನ್ನು ಪರದೆಯಲ್ಲಿ ಬಂದದ್ದಕ್ಕೆ ತಾಳೆ ನೋಡಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೂರು ಡಿಸ್ಕ್ ಇರುವ ಯಂತ್ರದಲ್ಲಿ ತಪ್ಪು ಡಿಸ್ಕ್ ಅಳಿಸಿಹೋಗುವುದು ಇಷ್ಟು ಮಾಡದೇ ಇದ್ದಾಗ.

ಹಾರ್ಡ್ ಡಿಸ್ಕ್ ಎಸ್‌ಡಿಎ ಎಂದಿಟ್ಟುಕೊಳ್ಳೋಣ. ಇಂಟರ್ನೆಟ್ ಇದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’ ಕೊಡಿ. ಬರುವ ಪಟ್ಟಿಯಲ್ಲಿ 5, 197, 198 ಈ ಮೂರು ಸಾಲುಗಳ ಕೊನೆಯ ಅಂಕಣದ ಸಂಖ್ಯೆ ನೋಡಿ. 5 ಎಂದರೆ ಕೆಟ್ಟು ಬದಲಿಸಿದ ಸೆಕ್ಟರ್‌ಗಳು. 197 ಎಂದರೆ ಓದಲಾಗದೆ ಬಾಕಿ ಉಳಿದವು. 198 ಎಂದರೆ ಓದಿ ಸರಿಪಡಿಸಲಾಗದವು. 197 ಸೊನ್ನೆಯಲ್ಲದಿದ್ದರೆ ಡಿಸ್ಕ್ ಈಗಾಗಲೇ ಡೇಟಾ ಕಳೆಯುತ್ತಿದೆ. 199ನೆಯ ಸಾಲು ಮಾತ್ರ ಬೇರೆ ಜಾತಿಯದು. ಅದು ಏರುತ್ತಿದ್ದರೆ ತೊಂದರೆ ಬಹುಪಾಲು ಸಾಟಾ ಕೇಬಲ್‌ನಲ್ಲಿರುತ್ತದೆ. ಕೇಬಲ್ ಬದಲಿಸಿದರೆ ಏರುವುದು ನಿಲ್ಲುತ್ತದೆ, ಆದರೆ ಹಳೆಯ ಅಂಕಿ ಅಳಿಸಿಹೋಗುವುದಿಲ್ಲ. ಹೊಸ ಕೇಬಲ್ ಹಾಕಿದ ದಿನದ ಅಂಕಿ ಬರೆದಿಟ್ಟುಕೊಂಡರೆ ಆಮೇಲೆ ಹೋಲಿಸಿ ನೋಡಬಹುದು.

ಡಿಸ್ಕನ್ನು ಓದಲು ಮಾತ್ರ ಮೌಂಟ್ ಮಾಡಿ: ‘ಸುಡೊ ಮೌಂಟ್ -ಓ ಆರ್‌ಓ’, ಆಮೇಲೆ ಪಾರ್ಟಿಷನ್ ಹೆಸರು, ಆಮೇಲೆ ಫೋಲ್ಡರ್. ನುಡಿ ಫೈಲುಗಳಂಥ ಎರಡನೇ ಪ್ರತಿ ಇಲ್ಲದವನ್ನು ಮೊದಲು ಕಾಪಿ ಮಾಡಿ. ಮತ್ತೆ ಡೌನ್‌ಲೋಡ್ ಮಾಡಬಹುದಾದ ಸಾಫ್ಟ್‌ವೇರ್, ಸಿನಿಮಾ, ಹಾಡು ಕೊನೆಗೆ. ಕಾಪಿ ನಡುವೆ ನಿಂತು ಸದ್ದು ಜಾಸ್ತಿಯಾದರೆ ಫೈಲ್ ಫೈಲ್ ಕಾಪಿ ಮಾಡುವುದು ಬಿಟ್ಟು, ಇಡೀ ಪಾರ್ಟಿಷನ್ನಿನ ಇಮೇಜ್ ತೆಗೆಯಿರಿ. ಅದಕ್ಕೆ ಅಷ್ಟೇ ಗಾತ್ರದ ಖಾಲಿ ಜಾಗ ಇರುವ ಹೊರಗಿನ ಡಿಸ್ಕ್ ಬೇಕು, ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ‘ಡಿಡಿರೆಸ್ಕ್ಯೂ -ಎನ್’ ಎಂಬುದರ ಜೊತೆಗೆ ಪಾರ್ಟಿಷನ್, ಇಮೇಜ್, ಮ್ಯಾಪ್ ಫೈಲ್ (ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕದ ಫೈಲ್) ಇವುಗಳ ಹೆಸರು ಕೊಟ್ಟು ಮೊದಲ ಸುತ್ತು ಓಡಿಸಿದರೆ ಚೆನ್ನಾಗಿರುವ ಭಾಗವನ್ನೆಲ್ಲ ಎತ್ತಿಕೊಂಡು ಕೆಟ್ಟದ್ದನ್ನು ಪಕ್ಕಕ್ಕಿಡುತ್ತದೆ. ಅದೇ ಮ್ಯಾಪ್ ಫೈಲ್ ಕೊಟ್ಟು ‘-ಆರ್3’ ಎಂದು ಎರಡನೆಯ ಸುತ್ತಿನಲ್ಲಿ ಉಳಿದದ್ದನ್ನು ಮೂರು ಸಲ ಪ್ರಯತ್ನಿಸುತ್ತದೆ. ಈ ಡಿಸ್ಕ್ ಮೇಲೆ ಲಿನಕ್ಸಿನ ಡಿಸ್ಕ್ ರಿಪೇರಿ ಆದೇಶ ಎಫ್‌ಎಸ್‌ಸಿಕೆ ಆಗಲಿ ವಿಂಡೋಸ್‌ನ ಚೆಕ್‌ಡಿಸ್ಕ್ ಆಗಲಿ ದಯವಿಟ್ಟು ಓಡಿಸಬೇಡಿ. ಅವು ಡಿಸ್ಕ್ ಸರಿಯಿದೆ ಎಂದು ನಂಬಿ ಅದರ ಮೇಲೆ ಬರೆಯುತ್ತವೆ. ಸಾಯುತ್ತಿರುವ ಡಿಸ್ಕ್ ಮೇಲೆ ಬರೆದರೆ ಉಳಿಯಬಹುದಾದ ಫೈಲೂ ಹೋಗುತ್ತದೆ.

ಹಾರ್ಡ್ ಡಿಸ್ಕ್ ಇಲ್ಲದೆ ಮಿಂಟ್ ಯಾಕೆ ಬರುವುದಿಲ್ಲ

ಆನ್ ಮಾಡಿದಾಗ ಮೊದಲು ಶುರುವಾಗುವುದು ಮದರ್‌ಬೋರ್ಡಿನ ಯುಇಎಫ್‌ಐ. ಮಿಂಟ್ ಕೂತಿರುವ ಇಎಕ್ಸ್‌ಟಿ4 ಪಾರ್ಟಿಷನ್ ಅದಕ್ಕೆ ಓದಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಫ್ಯಾಟ್ ಮಾತ್ರ. ಹಾಗಾಗಿ ಪ್ರತಿ ಯಂತ್ರದಲ್ಲೂ ಇಎಫ್‌ಐ ಸಿಸ್ಟಂ ಪಾರ್ಟಿಷನ್, ಚಿಕ್ಕದಾಗಿ ಇಎಸ್‌ಪಿ, ಎಂಬ ಸಣ್ಣ ಫ್ಯಾಟ್32 ಪಾರ್ಟಿಷನ್ ಇರುತ್ತದೆ. ಅದರೊಳಗೆ ಇಎಫ್‌ಐ/ಉಬುಂಟು ಎಂಬ ಫೋಲ್ಡರ್‌ನಲ್ಲಿ ಮಿಂಟನ್ನು ಶುರುಮಾಡುವ ಶಿಮ್ ಮತ್ತು ಗ್ರಬ್ ಎಂಬ ಬೂಟ್‌ಲೋಡರ್ ಫೈಲುಗಳು (ಮಿಂಟ್ ಕೂಡ ‘ಉಬುಂಟು’ ಎಂಬ ಹೆಸರನ್ನೇ ಬಳಸುತ್ತದೆ), ಜೊತೆಗೆ ಮೂರೇ ಸಾಲಿನ ಒಂದು ಗ್ರಬ್ ಸಿಎಫ್‌ಜಿ ಫೈಲ್. ಆ ಮೂರು ಸಾಲು ಹೇಳುವುದಿಷ್ಟು: ಈ ಯುಯುಐಡಿ (ಪಾರ್ಟಿಷನ್ನಿನ ಬದಲಾಗದ ಗುರುತಿನ ಸಂಖ್ಯೆ) ಇರುವ ಪಾರ್ಟಿಷನ್ ಹುಡುಕು, ಅಲ್ಲಿನ ಬೂಟ್/ಗ್ರಬ್ ಫೋಲ್ಡರ್‌ಗೆ ಹೋಗು, ಅಲ್ಲಿನ ಮೆನು ತೆರೆ. ಅಲ್ಲಿಂದ ಲಿನಕ್ಸಿನ ತಿರುಳಾದ ಕರ್ನಲ್, ಡಿಸ್ಕ್ ಸಿಗುವವರೆಗೆ ಮೆಮೊರಿಯಲ್ಲಿ ನಡೆಯುವ ಪುಟ್ಟ ಸಿಸ್ಟಂ ಆದ ಇನಿಟ್‌ರಾಮ್‌ಎಫ್‌ಎಸ್, ಆಮೇಲೆ ನಿಮ್ಮ ಡೆಸ್ಕ್‌ಟಾಪ್.

ಎನ್‌ವಿಎಂಇ ಪೂರ್ತಿ ಒಂದೇ ಪಾರ್ಟಿಷನ್ ಮಾಡಿದ್ದರಿಂದ ಅದರಲ್ಲಿ ಇಎಸ್‌ಪಿಗೆ ಜಾಗವೇ ಇಲ್ಲ. ಇನ್‌ಸ್ಟಾಲರ್ ವಿಂಡೋಸ್ ಮಾಡಿಟ್ಟಿದ್ದ ಹಾರ್ಡ್ ಡಿಸ್ಕಿನ ಇಎಸ್‌ಪಿಗೆ ಗ್ರಬ್ ಹಾಕಿತು. ಇದು ಸುಮಾರು ಜನರಿಗೆ ಆಗುವ ತೊಂದರೆ. ಮಿಂಟ್ ಮತ್ತು ಹಳೆಯ ಉಬುಂಟುಗಳ ಯುಬಿಕ್ವಿಟಿ ಇನ್‌ಸ್ಟಾಲರ್‌ನಲ್ಲಿ, ‘ಬೂಟ್‌ಲೋಡರ್ ಎಲ್ಲಿ ಹಾಕಲಿ’ ಎಂಬ ಪಟ್ಟಿಯಲ್ಲಿ ಎನ್‌ವಿಎಂಇ ಆರಿಸಿದರೂ ಯುಇಎಫ್‌ಐ ಯಂತ್ರದಲ್ಲಿ ಅದನ್ನು ಗಣಿಸದೆ ಮೊದಲು ಸಿಕ್ಕಿದ ಇಎಸ್‌ಪಿಗೇ ಹಾಕುತ್ತದೆ. ಮತ್ತೆ ಇನ್‌ಸ್ಟಾಲ್ ಬೇಡ ಎಂದದ್ದು ಇದಕ್ಕೇ. ಮಿಂಟ್ ಓಡುತ್ತಿರುವಾಗ ‘ಫೈಂಡ್‌ಎಂಎನ್‌ಟಿ /ಬೂಟ್/ಇಎಫ್‌ಐ’ ಕೊಟ್ಟರೆ ಎಸ್‌ಡಿಎ1 ಎಂಬಂಥ ಉತ್ತರ ಬರುತ್ತದೆ. ಇದನ್ನು ನೋಡಲೆಂದೇ ಹಾರ್ಡ್ ಡಿಸ್ಕ್ ಆನ್ ಮಾಡುವುದು ಬೇಡ. ಕಾಪಿಗಾಗಿ ಲೈವ್‌ನಲ್ಲಿದ್ದಾಗಲೇ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು, ಎನ್‌ವಿಎಂಇ ಕೆಳಗೆ ವಿಫ್ಯಾಟ್ ಪಾರ್ಟಿಷನ್ ಇಲ್ಲವೆಂಬುದನ್ನು ನೋಡಿದರೆ ಸಾಕು.

ಎನ್‌ವಿಎಂಇಗೆ ಅದರದೇ ಇಎಸ್‌ಪಿ ಮಾಡುವುದು

ಕಾಪಿ ಮುಗಿದ ಮೇಲೆ ಯಂತ್ರ ಪೂರ್ತಿ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ಹಾರ್ಡ್ ಡಿಸ್ಕ್ ಮತ್ತು 240 ಜಿಬಿ ಎಸ್‌ಎಸ್‌ಡಿ ಎರಡರ ಸಾಟಾ ಕೇಬಲ್‌ಗಳನ್ನೂ ಬಿಚ್ಚಿ. ಕೇಬಲ್ ತುದಿಯಲ್ಲಿ ಸಣ್ಣ ಲೋಹದ ಕ್ಲಿಪ್ ಇರುತ್ತದೆ, ಅದನ್ನು ಒತ್ತಿ ಹಿಡಿದೇ ಎಳೆಯಿರಿ. ಒಳಗೆ ಎನ್‌ವಿಎಂಇ ಒಂದೇ ಉಳಿದಿದ್ದರೆ ಗ್ರಬ್ ತಪ್ಪು ಡಿಸ್ಕಿಗೆ ಹೋಗಲು ದಾರಿಯೇ ಇಲ್ಲ. ಡಿಸ್ಕ್‌ಗಳು ಬೆರೆತಿರುವ ಯಂತ್ರದಲ್ಲಿ ಇದಕ್ಕಿಂತ ನಂಬಿಕಸ್ತ ಉಪಾಯ ಇನ್ನೊಂದಿಲ್ಲ. ಮತ್ತೆ ಲೈವ್ ಪೆನ್ ಡ್ರೈವ್‌ನಿಂದ ಶುರುಮಾಡಿ.

ಎನ್‌ವಿಎಂಇಯಲ್ಲಿರುವ ನಿಮ್ಮ ಹೋಮ್ ಫೋಲ್ಡರನ್ನೂ ಹೊರಗೆ ಕಾಪಿ ಮಾಡಿಟ್ಟು ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ತೆರೆಯಿರಿ. ಪಾರ್ಟಿಷನ್ನನ್ನು ಬಲಗಡೆ ತುದಿಯಿಂದ 512 ಎಂಐಬಿ ಕುಗ್ಗಿಸಿ. ಎಡಗಡೆಯಿಂದ ಕುಗ್ಗಿಸಲು ಹೋಗಬೇಡಿ. ಹಾಗೆ ಮಾಡಿದರೆ ಒಳಗಿರುವುದನ್ನೆಲ್ಲ ಸರಿಸಬೇಕಾಗಿ ತುಂಬ ಹೊತ್ತು ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಪಾರ್ಟಿಷನ್ನೇ ಕೈಬಿಟ್ಟುಹೋಗಬಹುದು. ಇಎಸ್‌ಪಿ ಡಿಸ್ಕಿನ ಮೊದಲಲ್ಲೇ ಇರಬೇಕೆಂಬ ನಿಯಮವಿಲ್ಲ, ಕೊನೆಯಲ್ಲಿದ್ದರೂ ಕೆಲಸ ಮಾಡುತ್ತದೆ. ಬಲಗಡೆಯಿಂದ ಕುಗ್ಗಿಸುವಾಗಲೂ ಯುಪಿಎಸ್ ಮೇಲೆ ಇರಲಿ. ಖಾಲಿಯಾದ ಜಾಗದಲ್ಲಿ ಫ್ಯಾಟ್32 ಪಾರ್ಟಿಷನ್ ಮಾಡಿ ಅಪ್ಲೈ ಕೊಡಿ, ಆಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್ ಫ್ಲ್ಯಾಗ್ಸ್‌ನಲ್ಲಿ ‘ಇಎಸ್‌ಪಿ’ ಗುರುತು ಹಾಕಿ. ‘ಬೂಟ್’ ಗುರುತು ತಾನಾಗಿ ಬೀಳುತ್ತದೆ. ಈಗ ಮಿಂಟ್ ಇರುವುದು ಪಿ1, ಹೊಸ ಇಎಸ್‌ಪಿ ಪಿ2.

ಮುಂದೆ ಟರ್ಮಿನಲ್:

ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ1 /ಎಂಎನ್‌ಟಿ
ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ2 /ಎಂಎನ್‌ಟಿ/ಬೂಟ್/ಇಎಫ್‌ಐ
ಸುಡೊ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್

ಕೊನೆಯ ಸಾಲನ್ನೇ ಪ್ರೊಕ್, ಸಿಸ್, ರನ್ ಈ ಮೂರಕ್ಕೂ ಹಾಗೆಯೇ ಕೊಡಿ. ಬರೀ ‘ಬೈಂಡ್’ ಸಾಲದು, ‘ಆರ್‌ಬೈಂಡ್’ ಬೇಕು. ಸಿಸ್ ಒಳಗಿನ ಇಎಫ್‌ಐವಾರ್ಸ್ ಜೊತೆಗೆ ಬರದಿದ್ದರೆ ಗ್ರಬ್ ಫೈಲುಗಳು ಡಿಸ್ಕ್‌ಗೆ ಹೋಗುತ್ತವೆ, ಆದರೆ ಮದರ್‌ಬೋರ್ಡಿನ ಬೂಟ್ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ. ಆಮೇಲೆ ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ’ ಕೊಟ್ಟು ಎನ್‌ವಿಎಂಇಯ ಮಿಂಟ್ ಒಳಗೆ ಹೋಗಿ.

ಇಲ್ಲಿ ತುಂಬ ಜನ ಒಂದು ಕೆಲಸ ಮರೆಯುತ್ತಾರೆ. ನಿಮ್ಮ ಎಫ್‌ಎಸ್‌ಟ್ಯಾಬ್‌ನಲ್ಲಿ /ಬೂಟ್/ಇಎಫ್‌ಐ ಎಂಬ ಸಾಲು ಈಗಲೂ ಹಳೆ ಹಾರ್ಡ್ ಡಿಸ್ಕಿನ ಇಎಸ್‌ಪಿಯನ್ನೇ ಹೇಳುತ್ತಿದೆ. ಗ್ರಬ್ ಸರಿಯಾಗಿ ಹಾಕಿಯೂ ಈ ಸಾಲನ್ನು ಬಿಟ್ಟರೆ, ಮೆನು ಬರುತ್ತದೆ, ಲೋಗೊ ಬರುತ್ತದೆ, ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ‘ರಿಪೇರಿ ಆಗಲಿಲ್ಲ’ ಎಂದುಕೊಂಡು ಎಲ್ಲ ಅಳಿಸುವುದು ಇಲ್ಲೇ. ‘ಬಿಎಲ್‌ಕೆಐಡಿ /ಡೆವ್/ಎನ್‌ವಿಎಂಇ0ಎನ್1ಪಿ2’ ಕೊಟ್ಟರೆ ಹೊಸ ಯುಯುಐಡಿ ಬರುತ್ತದೆ. ಫ್ಯಾಟ್ ಆದ್ದರಿಂದ ನಾಲ್ಕು ಅಕ್ಷರ, ನಡುವೆ ಅಡ್ಡಗೆರೆ, ಮತ್ತೆ ನಾಲ್ಕು ಅಕ್ಷರ, ಅಷ್ಟೇ ಇರುತ್ತದೆ. ‘ನ್ಯಾನೊ /ಇಟಿಸಿ/ಎಫ್‌ಎಸ್‌ಟ್ಯಾಬ್’ ತೆರೆದು ಹಳೆಯದರ ಜಾಗದಲ್ಲಿ ಅದನ್ನು ಬರೆಯಿರಿ. ಆಮೇಲೆ:

ಗ್ರಬ್-ಇನ್‌ಸ್ಟಾಲ್ --ಟಾರ್ಗೆಟ್=ಎಕ್ಸ್86_64-ಇಎಫ್‌ಐ --ಇಎಫ್‌ಐ-ಡೈರೆಕ್ಟರಿ=/ಬೂಟ್/ಇಎಫ್‌ಐ --ಬೂಟ್‌ಲೋಡರ್-ಐಡಿ=ಉಬುಂಟು
ಅಪ್‌ಡೇಟ್-ಗ್ರಬ್
ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್

ಐಡಿ ಜಾಗದಲ್ಲಿ ‘ಮಿಂಟ್’ ಎಂದೋ ಅಂಗಡಿ ಹೆಸರೋ ಹಾಕಬೇಡಿ. ಸಹಿ ಇರುವ ಗ್ರಬ್ ಫೈಲ್ ತನ್ನ ಸಿಎಫ್‌ಜಿಯನ್ನು ‘ಉಬುಂಟು’ ಫೋಲ್ಡರ್‌ನಲ್ಲೇ ಹುಡುಕುತ್ತದೆ. ಬೇರೆ ಹೆಸರಿಟ್ಟರೆ ಮೆನು ಬದಲು ಬರಿಯ ‘ಗ್ರಬ್>’ ಎಂಬ ಗುರುತು ಕಾಣುತ್ತದೆ.

ಇನ್ನೂ ಒಂದು ಭದ್ರತೆ ಮಾಡಿಕೊಳ್ಳಿ: ಅದೇ ಗ್ರಬ್-ಇನ್‌ಸ್ಟಾಲ್ ಸಾಲನ್ನು ಕೊನೆಯಲ್ಲಿ ‘--ರಿಮೂವಬಲ್’ ಸೇರಿಸಿ ಇನ್ನೊಮ್ಮೆ ಕೊಡಿ. ಅದು ಇಎಫ್‌ಐ/ಬೂಟ್ ಫೋಲ್ಡರ್‌ನಲ್ಲಿ ಬೂಟ್ಎಕ್ಸ್64 ಎಂಬ ಹೆಸರಿನಲ್ಲಿ ಒಂದು ಪ್ರತಿ ಇಡುತ್ತದೆ. ಬೂಟ್ ಪಟ್ಟಿ ಅಳಿಸಿಹೋದರೂ ಯುಇಎಫ್‌ಐ ಆ ಹೆಸರನ್ನು ತಾನಾಗಿ ಹುಡುಕುತ್ತದೆ. ನಿಮ್ಮ ಬ್ಯಾಟರಿಯ ಸ್ಥಿತಿ ನೋಡಿದರೆ ಇದು ಬೇಕೇ ಬೇಕು.

‘ಎಕ್ಸಿಟ್’ ಕೊಟ್ಟು, ಆಫ್ ಮಾಡಿ, ಪೆನ್ ಡ್ರೈವ್ ತೆಗೆದು ಆನ್ ಮಾಡಿ. ಎಸ್‌ಎಸ್‌ಡಿಯೂ ಬಿಚ್ಚಿದೆಯಲ್ಲ, ಆದ್ದರಿಂದ ಎಸ್‌ಡಿಬಿ1 ಸಾಲು ಈಗಲೇ ಕಾಟ ಕೊಡುತ್ತದೆ. ಹಾಗಾಗಿ ಎಕ್ಸಿಟ್ ಕೊಡುವ ಮುನ್ನ ನ್ಯಾನೊದಲ್ಲೇ ಆ ಸಾಲಿನ ಮುಂದೆ # ಹಾಕಿ ನಿಲ್ಲಿಸಿಬಿಡಿ. ಎನ್‌ವಿಎಂಇ ಒಂದರಿಂದಲೇ ಡೆಸ್ಕ್‌ಟಾಪ್ ಬಂದರೆ ಈ ಭಾಗ ಮುಗಿಯಿತು.

ಎಸ್‌ಡಿಬಿ1 ಎಂಬ ಸಾಲು

ಎಸ್‌ಡಿಎ, ಎಸ್‌ಡಿಬಿ ಎಂಬವು ಡಿಸ್ಕಿನ ಹೆಸರುಗಳಲ್ಲ, ಕರ್ನಲ್‌ಗೆ ಅವು ಸಿಕ್ಕಿದ ಸರದಿ. ರೇಷನ್ ಅಂಗಡಿ ಸಾಲಿನಲ್ಲಿ ‘ಎರಡನೆಯವರಿಗೆ ಕೊಡಿ’ ಎಂದರೆ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಸಾಟಾ ಡಿಸ್ಕ್, ಪೆನ್ ಡ್ರೈವ್, ಕಾರ್ಡ್ ರೀಡರ್ ಎಲ್ಲಕ್ಕೂ ಇದೇ ಎಸ್‌ಡಿ ಸರದಿ. ಹೊಸ ಕರ್ನಲ್‌ಗಳು ಡಿಸ್ಕ್‌ಗಳನ್ನು ಒಟ್ಟೊಟ್ಟಿಗೇ ಹುಡುಕುವುದರಿಂದ ಏನೂ ಬದಲಿಸದಿದ್ದರೂ ಸರದಿ ಅದಲುಬದಲಾಗಬಹುದು. ಎನ್‌ವಿಎಂಇಯ ಹೆಸರು ಬೇರೆ ಸಾಲಿನದು, ಆದರೆ ಎರಡು ಎನ್‌ವಿಎಂಇ ಇದ್ದರೆ ಅಲ್ಲೂ 0 ಮತ್ತು 1 ಅದಲುಬದಲಾಗುತ್ತವೆ.

ಪೆನ್ ಡ್ರೈವ್ ಎಸ್‌ಡಿಬಿ ಆಗಿ ನಿಂತ ದಿನ ಸಿಸ್ಟಂ ಅದನ್ನು ಇಎಕ್ಸ್‌ಟಿ4 ಎಂದು ಮೌಂಟ್ ಮಾಡಲು ಹೋಗಿ ಸೋಲುತ್ತದೆ, ತಕ್ಷಣ ಎಮರ್ಜೆನ್ಸಿ ಮೋಡ್. ಎಸ್‌ಡಿಬಿ1 ಎಂಬುದೇ ಇಲ್ಲದ ದಿನ ಸಿಸ್ಟಂಡಿ (ಸೇವೆಗಳನ್ನು ಶುರುಮಾಡುವ ಪ್ರೋಗ್ರಾಂ) 90 ಸೆಕೆಂಡ್ ಕಾದು ಆಮೇಲೆ ಬೀಳುತ್ತದೆ. ತಕ್ಷಣ ಬಿದ್ದರೆ ಸರದಿ ತಪ್ಪಿದೆ, ಕಾದು ಬಿದ್ದರೆ ಡಿಸ್ಕೇ ಸಿಕ್ಕಿಲ್ಲ. ಆ ಕಪ್ಪು ಪರದೆಯಲ್ಲಿ ‘ರೂಟ್ ಅಕೌಂಟ್ ಲಾಕ್ ಆಗಿದೆ’ ಎಂದು ಬಂದರೆ ಗಾಬರಿ ಬೇಡ, ಮಿಂಟ್‌ನಲ್ಲಿ ರೂಟ್‌ಗೆ ಪಾಸ್‌ವರ್ಡ್ ಇಟ್ಟಿರುವುದಿಲ್ಲ. ಲೈವ್‌ನಿಂದ ಬಂದು ಫೈಲ್ ತಿದ್ದಿ.

ಎಸ್‌ಎಸ್‌ಡಿ ಮತ್ತೆ ಸಿಕ್ಕಿಸಿ, ‘ಎಲ್‌ಎಸ್‌ಬಿಎಲ್‌ಕೆ -ಎಫ್’ನಲ್ಲಿ ಅದರ ಯುಯುಐಡಿ ನೋಡಿ, ಸಾಲನ್ನು ಹೀಗೆ ಬದಲಿಸಿ. ‘ಯುಯುಐಡಿ’ ಎಂಬ ನಾಲ್ಕಕ್ಷರ ದೊಡ್ಡಕ್ಷರದಲ್ಲಿರಲಿ. ಮೌಂಟ್ ಫೋಲ್ಡರ್ ನಿಮ್ಮಲ್ಲಿ ಈಗಿರುವುದೇ ಇರಲಿ:

ಯುಯುಐಡಿ=ನಿಮ್ಮ-ಅಂಕಿ /ಎಂಎನ್‌ಟಿ/ಕೆಲಸ ಇಎಕ್ಸ್‌ಟಿ4 ಡಿಫಾಲ್ಟ್ಸ್,ನೋಫೇಲ್,ಎಕ್ಸ್-ಸಿಸ್ಟಂಡಿ.ಡಿವೈಸ್-ಟೈಮ್‌ಔಟ್=10ಎಸ್ 0 2

‘ನೋಫೇಲ್’ ಎಂದರೆ ಈ ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗು ಎಂದು. ಕಾಯುವುದು 10 ಸೆಕೆಂಡ್ ಮಾತ್ರ. ಉಳಿಸಿದ ಮೇಲೆ ರೀಸ್ಟಾರ್ಟ್ ಮಾಡುವ ಮುನ್ನ ‘ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟರೆ ಅಕ್ಷರ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ.

ನೋಫೇಲ್‌ಗೆ ಒಂದು ಅಪಾಯವಿದೆ, ಅಂಗಡಿಯಲ್ಲಿ ಅದು ದೊಡ್ಡದು. ಎಸ್‌ಎಸ್‌ಡಿ ಮೌಂಟ್ ಆಗದ ದಿನ ಫೋಲ್ಡರ್ ಖಾಲಿ ಕಾಣುತ್ತದೆ. ಅವಸರದಲ್ಲಿ ಗಿರಾಕಿಯ ಲಗ್ನಪತ್ರಿಕೆ ಅಲ್ಲೇ ಸೇವ್ ಮಾಡಿದರೆ ಅದು ಎನ್‌ವಿಎಂಇಗೆ ಹೋಗಿ ಕೂರುತ್ತದೆ. ಮಾರನೆಯ ದಿನ ಎಸ್‌ಎಸ್‌ಡಿ ಮೌಂಟ್ ಆದಾಗ ಆ ಫೈಲ್ ಅದರ ಅಡಿಯಲ್ಲಿ ಮುಚ್ಚಿಹೋಗಿ, ಕಾಣೆಯಾದಂತೆ ಆಗುತ್ತದೆ. ತಪ್ಪಿಸಲು, ಎಸ್‌ಎಸ್‌ಡಿ ಮೌಂಟ್ ಆಗಿಲ್ಲದಾಗ ಒಮ್ಮೆ ‘ಸುಡೊ ಸಿಎಚ್‌ಎಟಿಟಿಆರ್ +ಐ /ಎಂಎನ್‌ಟಿ/ಕೆಲಸ’ ಕೊಡಿ. ಆಮೇಲೆ ಖಾಲಿ ಫೋಲ್ಡರ್‌ಗೆ ಯಾರೂ ಏನನ್ನೂ ಬರೆಯಲಾಗುವುದಿಲ್ಲ. ಎಸ್‌ಎಸ್‌ಡಿ ಮೌಂಟ್ ಆದಾಗ ಬರೆಯಲು ಯಾವ ಅಡ್ಡಿಯೂ ಇಲ್ಲ.

ಹಾರ್ಡ್ ಡಿಸ್ಕಿನ ವಿಂಡೋಸ್ ಪಾರ್ಟಿಷನ್ನನ್ನೂ ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿದ್ದರೆ ಅದಕ್ಕೂ ನೋಫೇಲ್ ಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದು ನಿಜವಾಗಿ ಆಫ್ ಆಗದೆ ಅರ್ಧ ಮಲಗಿರುತ್ತದೆ. ಅಂಥ ಎನ್‌ಟಿಎಫ್‌ಎಸ್ ಪಾರ್ಟಿಷನ್‌ಗೆ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ. ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟರೆ ಇದು ನಿಲ್ಲುತ್ತದೆ.

ಬೆಳಗಿನ ತೊಂದರೆ

ಗಡಿಯಾರ ಹಿಂದಕ್ಕೆ ಹೋಗಿದೆ ಎಂದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಇದ್ದರೂ, ಎಸ್‌ಎಂಪಿಎಸ್ ಗಡಿಯಾರ ಮತ್ತು ಬೋರ್ಡಿನ ಸೆಟ್ಟಿಂಗ್‌ಗಳನ್ನು ಕಾಯುತ್ತದೆ. ಮೇನ್ ಸ್ವಿಚ್ ಆರಿಸಿದ ರಾತ್ರಿ ಕಾಯುವವರಿಲ್ಲ. ಬೂಟ್ ಕ್ರಮ, ಲೆಗಸಿ-ಯುಇಎಫ್‌ಐ ಆಯ್ಕೆ, ಸಾಟಾ ಮೋಡ್ ಎಲ್ಲ ಕಾರ್ಖಾನೆಯ ಸ್ಥಿತಿಗೆ ಹೋಗುತ್ತವೆ. ಹಾಗಾಗಿ ಮೊದಲ ಡಿಸ್ಕಿನ ವಿಂಡೋಸ್. ಹೊಸ ಬ್ಯಾಟರಿ 3 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು, ಮಲ್ಟಿಮೀಟರ್‌ನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪವರ್ ಕೇಬಲ್ ತೆಗೆದೇ ಹಾಕಿ, ಪ್ಲಸ್ ಗುರುತು ಮೇಲೆ.

ಹಾಕಿದ ಮೇಲೆ ಸೆಟಪ್‌ಗೆ ಹೋಗಿ ದಿನಾಂಕದ ಜೊತೆಗೆ ಎರಡು ವಿಷಯ ನೋಡಿ. ಬೂಟ್ ಮೋಡ್ ಯುಇಎಫ್‌ಐ ಇರಲಿ. ಸಾಟಾ ಅಥವಾ ಸ್ಟೋರೇಜ್ ಮೋಡ್ ಎಎಚ್‌ಸಿಐ ಇರಲಿ: ಇಂಟೆಲ್ ಬೋರ್ಡ್‌ಗಳಲ್ಲಿ ಅದು ರೇಡ್ ಅಥವಾ ಆರ್‌ಎಸ್‌ಟಿಗೆ ತಿರುಗಿದರೆ ಎನ್‌ವಿಎಂಇ ಲಿನಕ್ಸ್ ಕಣ್ಣಿಗೇ ಬೀಳದೆ ಹೋಗಬಹುದು. ವಿಂಡೋಸನ್ನು ರೇಡ್ ಮೋಡ್‌ನಲ್ಲೇ ಇನ್‌ಸ್ಟಾಲ್ ಮಾಡಿದ್ದರೆ ಮಾತ್ರ ಎಎಚ್‌ಸಿಐಗೆ ಬದಲಿಸಿದಾಗ ಅದು ನೀಲಿ ಪರದೆ ತೋರಿಸುತ್ತದೆ. ಬದಲಿಸುವ ಮುನ್ನ ಸೇಫ್ ಮೋಡ್‌ಗೆ ಹೊಂದಿಸಿ, ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಬಂದು ಆಮೇಲೆ ಮಾಮೂಲಿಗೆ ಮರಳಿ.

ಕೇಬಲ್ ಮತ್ತೆ ಸಿಕ್ಕಿಸುವಾಗ

ಎಸ್‌ಎಸ್‌ಡಿಯನ್ನು ಮೊದಲಿದ್ದ ಪೋರ್ಟಿಗೇ ಹಾಕಿ. ತುಂಬ ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಮತ್ತು ಒಂದೆರಡು ಸಾಟಾ ಪೋರ್ಟ್ ಒಂದೇ ದಾರಿ ಹಂಚಿಕೊಂಡಿರುತ್ತವೆ, ಎಂ.2ರಲ್ಲಿ ಡಿಸ್ಕ್ ಇದ್ದರೆ ಆ ಪೋರ್ಟ್‌ಗಳು ಸತ್ತಂತೆ. ಡಿಸ್ಕ್ ಸರಿಯಿದ್ದೂ ಸೆಟಪ್‌ನಲ್ಲೇ ಕಾಣದಿದ್ದರೆ ಕೇಬಲ್ ದೂರುವ ಮುನ್ನ ಬೇರೆ ಪೋರ್ಟ್ ನೋಡಿ. ಯಾವ ಪೋರ್ಟ್ ಎಂಬುದು ಬೋರ್ಡಿನ ಕೈಪಿಡಿಯಲ್ಲಿ ಒಂದು ಸಣ್ಣ ಕೋಷ್ಟಕದಲ್ಲಿರುತ್ತದೆ. ಇನ್ನೊಂದು ಎಂ.2 ಡಿಸ್ಕ್ ಕೊಳ್ಳಲು ಮೈಸೂರಿಗೆ ಹೋಗುವುದಾದರೆ ಅದು ಸಾಟಾ ಜಾತಿಯೋ ಎನ್‌ವಿಎಂಇ ಜಾತಿಯೋ ಎಂದು ಚೀಟಿಯಲ್ಲೇ ಓದಿ ನೋಡಿ. ಎರಡೂ ಒಂದೇ ಆಕಾರ. ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಬಹುಪಾಲು ಸಾಟಾ, ಒಂದೇ ಇದ್ದರೆ ಬಹುಪಾಲು ಎನ್‌ವಿಎಂಇ, ಆದರೆ ಎರಡು ಕಚ್ಚಿನ ಎನ್‌ವಿಎಂಇಯೂ ಇದೆ.

ಮುಂದೆ ಬೇರೆ ಪರದೆ ಕಂಡರೆ ಎಲ್ಲಿ ನಿಂತಿದೆ ಎಂದು ಅದರಿಂದಲೇ ತಿಳಿಯುತ್ತದೆ. ‘ಗ್ರಬ್ ರೆಸ್ಕ್ಯೂ>’ ಬಂದರೆ ಗ್ರಬ್ ಶುರುವಾಗಿದೆ, ಅದಕ್ಕೆ ಬೇಕಾದ ಬೂಟ್/ಗ್ರಬ್ ಫೋಲ್ಡರ್ ಸಿಕ್ಕಿಲ್ಲ. ಆ ಪಾರ್ಟಿಷನ್ ಅಳಿಸಿದೆಯೋ ಡಿಸ್ಕ್ ಕಳಚಿದೆಯೋ ನೋಡಿ. ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಗುರುತು ಬಂದರೆ ಕರ್ನಲ್ ಬಂದಿದೆ, ರೂಟ್ ಪಾರ್ಟಿಷನ್ ಸಿಕ್ಕಿಲ್ಲ. ಅಲ್ಲಿ ‘ಬಿಎಲ್‌ಕೆಐಡಿ’ ಕೊಡಿ: ಎನ್‌ವಿಎಂಇ ಪಟ್ಟಿಯಲ್ಲಿದ್ದರೆ ಯುಯುಐಡಿ ತಪ್ಪಿದೆ, ಇಲ್ಲದಿದ್ದರೆ ಡಿಸ್ಕ್ ಕಾಣುತ್ತಿಲ್ಲ. ಚೆನ್ನಾಗಿ ನಡೆಯುತ್ತಿದ್ದಾಗಲೇ ಎನ್‌ವಿಎಂಇ ಮಾಯವಾಗಿ, ಲಾಗ್‌ನಲ್ಲಿ ‘ಕಂಟ್ರೋಲರ್ ಈಸ್ ಡೌನ್’ ಎಂದಿದ್ದರೆ ಅದು ಕೆಲವು ಮಾಡೆಲ್‌ಗಳ ವಿದ್ಯುತ್ ಉಳಿತಾಯದ ದೋಷ. ಕರ್ನಲ್ ಸಾಲಿಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ ಸೇರಿಸಿ ನೋಡಿ.

ವಿಂಡೋಸ್‌ಗೆಂದು ಹೊಸ ಡಿಸ್ಕ್ ತಂದಾಗ ಅದನ್ನು ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಎನ್‌ವಿಎಂಇಯ ಸ್ಕ್ರೂ ತೆಗೆದು ಹೊರಗಿಡಿ. ವಿಂಡೋಸ್ ಕೂಡ ಸಿಕ್ಕಿದ ಇಎಸ್‌ಪಿಗೇ ತನ್ನ ಬೂಟ್ ಫೈಲುಗಳನ್ನು ಹಾಕುತ್ತದೆ, ಆಗ ಇದೇ ಗಂಟು ತಿರುಗುಮುರುಗಾಗಿ ಬೀಳುತ್ತದೆ. ಎರಡೂ ಸೇರಿದ ಮೇಲೆ ಮಿಂಟ್‌ನಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಎಂಬ ಸಾಲು ಸೇರಿಸಿ (ಸಮಚಿಹ್ನೆಯ ಹಿಂದಿನದೆಲ್ಲ ದೊಡ್ಡಕ್ಷರ), ಮತ್ತೊಮ್ಮೆ ಅಪ್‌ಡೇಟ್-ಗ್ರಬ್. ವಿಂಡೋಸ್ ದೊಡ್ಡ ಅಪ್‌ಡೇಟ್ ಆದ ಮೇಲೆ ತನ್ನನ್ನೇ ಮೊದಲಿಗೆ ತಂದುಕೊಂಡರೆ, ಬೂಟ್ ಮೆನುವಿನಿಂದ ಮಿಂಟ್‌ಗೆ ಬಂದು ‘ಇಎಫ್‌ಐಬೂಟ್‌ಎಂಜಿಆರ್ -ವಿ’ ಕೊಡಿ. ಹಾರ್ಡ್ ಡಿಸ್ಕಿನ ಕಾಲದ ‘ಉಬುಂಟು’ ಎಂಬ ಸಾಲು ಇನ್ನೂ ಅಲ್ಲಿ ಉಳಿದಿರಬಹುದು, ಹೊಸದರಲ್ಲಿ ‘ಎಚ್‌ಡಿ(2,ಜಿಪಿಟಿ’ ಎಂದಿರುತ್ತದೆ, ಯಾಕೆಂದರೆ ನಿಮ್ಮ ಇಎಸ್‌ಪಿ ಎರಡನೆಯ ಪಾರ್ಟಿಷನ್. ಹಳೆಯದರ ನಾಲ್ಕಂಕಿ 0003 ಇದ್ದರೆ ‘ಸುಡೊ ಇಎಫ್‌ಐಬೂಟ್‌ಎಂಜಿಆರ್ -ಬಿ 0003 -ಬಿ’ ಎಂದು ತೆಗೆಯಿರಿ, ಎರಡನೆಯ ಬಿ ದೊಡ್ಡಕ್ಷರ. ಆಮೇಲೆ ‘-ಓ’ ಕೊಟ್ಟು ಹೊಸದರ ಅಂಕಿಯನ್ನು ಮೊದಲಿಗೂ ವಿಂಡೋಸಿನದನ್ನು ಆಮೇಲೂ ಬರೆಯಿರಿ, ನಡುವೆ ಅಲ್ಪವಿರಾಮ ಮಾತ್ರ, ಖಾಲಿ ಜಾಗ ಬೇಡ.